ಒಂದು ಎರಡಾಗುವ ಬಗೆ: ಕೋಶವಿಭಜನೆಯ ಶೋಧದ ಕಥೆ

ಈಳಿಗೆಯ ಮೇಲೆ ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಅರಿಸಿನ ಒತ್ತಿ ಬಟ್ಟೆ ಸುತ್ತುತ್ತೇವೆ. ನಾಲ್ಕಾರು ದಿನಗಳಲ್ಲಿ ಗಾಯ ಕೂಡಿಕೊಳ್ಳುತ್ತದೆ; ಇನ್ನೆರಡು ವಾರ ಕಳೆದರೆ ಗಾಯವಾದ ಜಾಗವನ್ನೇ ಹುಡುಕಬೇಕಾಗುತ್ತದೆ. ಹೋದ ಚರ್ಮದ ಜಾಗಕ್ಕೆ ಹೊಸ ಚರ್ಮ ಎಲ್ಲಿಂದ ಬಂದಿತು? ತಾಯಿಯ ಗರ್ಭದಲ್ಲಿ ಸಾಸಿವೆ ಕಾಳಿನ ಹತ್ತನೆಯ ಒಂದು ಭಾಗದಷ್ಟೂ ಇಲ್ಲದ ಒಂದೇ ಒಂದು ಕೋಶ ಒಂಬತ್ತು ತಿಂಗಳಲ್ಲಿ ಮೂರು ಕಿಲೋ ತೂಗುವ ಮಗುವಾಗುವುದು ಹೇಗೆ? ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಕೋಶ ಬೆಳೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಇಂದು ಹೈಸ್ಕೂಲಿನ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುವ ಈ ಉತ್ತರವನ್ನು ಕಂಡುಕೊಳ್ಳಲು ಮನುಷ್ಯನಿಗೆ ಸುಮಾರು ಇನ್ನೂರು ವರ್ಷಗಳು ಬೇಕಾದವು. ಅದರ ವಿವರಗಳನ್ನು ಬಿಡಿಸಲು ಮತ್ತೂ ನೂರೈವತ್ತು ವರ್ಷಗಳು ಹಿಡಿದವು. ಆ ಕಥೆಯಲ್ಲಿ ಬುದ್ಧಿವಂತಿಕೆಯ ಜೊತೆಗೆ ಅನ್ಯಾಯವೂ ಇದೆ, ಆಕಸ್ಮಿಕವೂ ಇದೆ, ನಮ್ಮ ಅಂಗಳದಲ್ಲಿ ಬೆಳೆಯುವ ಒಂದು ಹೂವಿನ ಗಿಡವೂ ಇದೆ.

ಬೆಂಡಿನೊಳಗಿನ ಕೋಣೆಗಳು

ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳ ಮೇಲ್ವಿಚಾರಕನಾಗಿದ್ದ ರಾಬರ್ಟ್ ಹುಕ್ 1665ರಲ್ಲಿ ‘ಮೈಕ್ರೋಗ್ರಾಫಿಯ’ ಎಂಬ ಗ್ರಂಥವನ್ನು ಪ್ರಕಟಿಸಿದ. ಬಿರಡೆ ಮಾಡುವ ಬೆಂಡಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಅವನಿಗೆ ಜೇನುಗೂಡಿನಂತಹ ಪುಟ್ಟ ಪುಟ್ಟ ಕೋಣೆಗಳು ಕಂಡಿದ್ದವು. ಅವುಗಳಿಗೆ ಅವನು ‘ಸೆಲ್’ ಎಂದು ಹೆಸರಿಟ್ಟ. ಒಂದು ಘನ ಅಂಗುಲ ಬೆಂಡಿನಲ್ಲಿ ಇಂತಹ 120 ಕೋಟಿಗೂ ಮಿಕ್ಕಿ ಕೋಣೆಗಳಿವೆ ಎಂದು ಲೆಕ್ಕವನ್ನೂ ಹಾಕಿದ. ಆದರೆ ಅವನು ಕಂಡದ್ದು ಸತ್ತ ಮರದ ಖಾಲಿ ಗೋಡೆಗಳನ್ನು ಮಾತ್ರ. ಬಾಡಿಗೆದಾರರು ಬಿಟ್ಟುಹೋದ ವಠಾರದಲ್ಲಿ ನಿಂತು ಅಲ್ಲಿ ಸಂಸಾರಗಳು ಹೇಗೆ ಬೆಳೆದವು ಎಂದು ಹೇಳಲು ಯಾರಿಗೆ ಸಾಧ್ಯ?

ಅಲ್ಲಿಂದ ಮುಂದೆ ನೂರೈವತ್ತು ವರ್ಷಗಳ ಕಾಲ ಈ ವಿಷಯದಲ್ಲಿ ಹೇಳಿಕೊಳ್ಳುವಂತಹ ಪ್ರಗತಿಯಾಗಲಿಲ್ಲ. ಅಂದಿನ ಮಸೂರಗಳಲ್ಲಿ ವಸ್ತುವಿನ ಸುತ್ತ ಕಾಮನಬಿಲ್ಲಿನ ಬಣ್ಣಗಳು ಮೂಡಿ ಆಕೃತಿ ಮಸುಕಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ದೋಷ ಕಳೆದ ಮಸೂರಗಳು ಬಂದ ಮೇಲೆ ಕೆಲಸ ಚುರುಕಾಯಿತು. 1831ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞ ಸೀತಾಳೆಯ ಜಾತಿಯ ಗಿಡಗಳ ಕೋಶಗಳಲ್ಲಿ ಒಂದು ದುಂಡನೆಯ ಕಾಯವನ್ನು ಗುರುತಿಸಿದ. ಅದೇ ಕೋಶಕೇಂದ್ರ. 1838ರಲ್ಲಿ ಶ್ಲೈಡನ್ ಗಿಡಗಳೆಲ್ಲವೂ ಕೋಶಗಳಿಂದಾದವು ಎಂದ. ಊಟದ ಹೊತ್ತಿನ ಮಾತುಕತೆಯಲ್ಲಿ ಇದನ್ನು ಕೇಳಿದ ಅವನ ಮಿತ್ರ ಶ್ವಾನ್, ತಾನು ಪ್ರಾಣಿಗಳಲ್ಲಿ ಕಂಡದ್ದೂ ಅದನ್ನೇ ಎಂದು ಹೊಳೆದು, ಮರುವರ್ಷ 1839ರಲ್ಲಿ ಪ್ರಾಣಿಗಳ ದೇಹವೂ ಹಾಗೆಯೇ ಎಂದು ಬರೆದ. ಕೋಶಸಿದ್ಧಾಂತ ಹುಟ್ಟಿತು.

ಇಲ್ಲಿಯವರೆಗೆ ಸರಿ. ಆದರೆ ಹೊಸ ಕೋಶ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಈ ಇಬ್ಬರೂ ಕೊಟ್ಟ ಉತ್ತರ ಪೂರಾ ತಪ್ಪಾಗಿತ್ತು. ಸಕ್ಕರೆಯ ಪಾಕದಲ್ಲಿ ಕಲ್ಲುಸಕ್ಕರೆಯ ಹರಳು ಕಟ್ಟುವಂತೆ, ಒಂದು ಬಗೆಯ ಜೀವರಸದಲ್ಲಿ ಕಣಗಳು ಕೂಡಿ, ಅವುಗಳ ಸುತ್ತ ಕೋಶಕೇಂದ್ರ ಕಟ್ಟಿ, ಅದರ ಸುತ್ತ ಕೋಶ ಕಟ್ಟುತ್ತದೆ ಎಂದು ಅವರು ನಂಬಿದ್ದರು. ಹರಳಿನ ಹೋಲಿಕೆಯನ್ನು ಶ್ವಾನನೇ ಕೊಟ್ಟಿದ್ದ. ದೊಡ್ಡವರ ಮಾತು. ಹೀಗಾಗಿ ಬೆಲ್ಜಿಯಂನ ದ್ಯುಮೋರ್ತಿಯೆ 1832ರಲ್ಲಿ, ಜರ್ಮನಿಯ ಹ್ಯೂಗೊ ಫಾನ್ ಮೋಲ್ 1835ರಲ್ಲಿ, ಪಾಚಿಯ ಕೋಶ ಅಡ್ಡಗೋಡೆ ಕಟ್ಟಿಕೊಂಡು ಎರಡಾಗುವುದನ್ನು ಕಣ್ಣಾರೆ ಕಂಡು ಬರೆದಿದ್ದರೂ ಅದು ಪಾಚಿಗೆ ಸಂಬಂಧಿಸಿದ ಒಂದು ವಿಶೇಷ ಎಂದು ಪಕ್ಕಕ್ಕೆ ಸರಿಯಿತು.

ರೆಮಾಕನ ಪಾಡು

ರಾಬರ್ಟ್ ರೆಮಾಕ್ 1815ರಲ್ಲಿ ಪೋಸೆನ್ ಎಂಬ ಊರಿನಲ್ಲಿ ಹುಟ್ಟಿದ. ಇಂದು ಪೋಲೆಂಡಿನಲ್ಲಿರುವ ಆ ಊರು ಆಗ ಪ್ರಷ್ಯಾದ ಆಳ್ವಿಕೆಯಲ್ಲಿತ್ತು. ಓದಲೆಂದು ಬರ್ಲಿನ್ನಿಗೆ ಬಂದವನು ವೈದ್ಯನಾದ, ಸಂಶೋಧಕನಾದ. ಆದರೆ ಅವನು ಯೆಹೂದಿ. ಯೆಹೂದಿಗಳು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಕೂಡದೆಂಬುದು ಪ್ರಷ್ಯಾದ ಕಟ್ಟಳೆ. ಕ್ರೈಸ್ತನಾದರೆ ಬಾಗಿಲು ತೆರೆಯುತ್ತಿತ್ತು. ಅನೇಕರು ಹಾಗೆ ಮಾಡಿದ್ದರು. ರೆಮಾಕ್ ಒಪ್ಪಲಿಲ್ಲ. 1843ರಲ್ಲಿ ನೇರವಾಗಿ ದೊರೆಗೇ ಅರ್ಜಿ ಬರೆದುಕೊಂಡ, ಅರ್ಜಿ ತಿರಸ್ಕೃತವಾಯಿತು. ಕೊನೆಗೆ 1847ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಡಲು ಅನುಮತಿ ಪಡೆದ ಮೊದಲನೆಯ ಯೆಹೂದಿ ಎನಿಸಿದ. ಹೊಟ್ಟೆಪಾಡಿಗೆ ವೈದ್ಯವೃತ್ತಿಯನ್ನೇ ನೆಚ್ಚಿಕೊಂಡಿದ್ದು, ಉಳಿದ ಹೊತ್ತಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದ.

ಮೊಟ್ಟೆಯೊಳಗಿನ ಕೋಳಿಮರಿಯ ಭ್ರೂಣದ ರಕ್ತವನ್ನು ಪರೀಕ್ಷಿಸುತ್ತಿದ್ದಾಗ, 1841ರಲ್ಲಿ, ಅವನಿಗೆ ನಡುವೆ ಸೊಂಟ ಕಟ್ಟಿದಂತೆ ಸಣ್ಣಗಾಗಿ ಎರಡಾಗುತ್ತಿರುವ ಕೆಂಪು ರಕ್ತಕೋಶಗಳು ಕಂಡವು. ಇಲ್ಲಿ ಹರಳೂ ಇಲ್ಲ, ಪಾಕವೂ ಇಲ್ಲ. ಇದ್ದ ಕೋಶವೇ ಎರಡಾಗುತ್ತಿತ್ತು. ಆದರೂ ಅವನು ಆತುರಪಡಲಿಲ್ಲ. ಕಪ್ಪೆಯ ಮೊಟ್ಟೆಗಳನ್ನು ದ್ರಾವಣಗಳಲ್ಲಿ ಗಟ್ಟಿ ಮಾಡಿ, ಮೊಟ್ಟೆ ಒಡೆದು ಎರಡು, ನಾಲ್ಕು, ಎಂಟು ಆಗುವ ಪ್ರತಿಯೊಂದು ಹಂತವನ್ನೂ ವರ್ಷಗಟ್ಟಲೆ ಪರೀಕ್ಷಿಸಿದ. 1852ರಲ್ಲಿ ಲೇಖನ ಬರೆದು, ಪಾಕದಿಂದ ಕೋಶ ಹುಟ್ಟುತ್ತದೆ ಎಂಬುದು ಕೊಳೆತ ವಸ್ತುವಿನಿಂದ ತಾನಾಗಿ ಜೀವ ಹುಟ್ಟುತ್ತದೆ ಎಂಬಷ್ಟೇ ನಂಬಲಾಗದ ಮಾತು ಎಂದು ಸಾರಿದ. ತಾನಾಗಿ ಜೀವ ಹುಟ್ಟುತ್ತದೆಂಬ ನಂಬಿಕೆಯನ್ನು ಪಾಸ್ತರ್ ತನ್ನ ಕೊಕ್ಕರೆ ಕತ್ತಿನ ಸೀಸೆಗಳಿಂದ ಮುರಿದದ್ದು ಇದಾದ ಎಂಟು ಹತ್ತು ವರ್ಷಗಳ ಮೇಲೆ ಎಂಬುದನ್ನು ಇಲ್ಲಿ ನೆನೆಯಬೇಕು.

ಬರ್ಲಿನ್ನಿನ ವೈದ್ಯವಲಯದಲ್ಲಿ ರೆಮಾಕನನ್ನು ಚೆನ್ನಾಗಿ ಬಲ್ಲ ಇನ್ನೊಬ್ಬ ಮೇಧಾವಿ ರುಡಾಲ್ಫ್ ವಿರ್ಖೊ. ಅವನು 1855ರಲ್ಲಿ ಒಂದು ಲೇಖನದಲ್ಲಿಯೂ 1858ರಲ್ಲಿ ತನ್ನ ಪ್ರಸಿದ್ಧ ಗ್ರಂಥದಲ್ಲಿಯೂ ಪ್ರತಿಯೊಂದು ಕೋಶವೂ ಮತ್ತೊಂದು ಕೋಶದಿಂದಲೇ ಹುಟ್ಟತಕ್ಕದ್ದು ಎಂದು ಘೋಷಿಸಿದ. ಈ ತತ್ತ್ವವನ್ನು ಲ್ಯಾಟಿನ್ನಿನ ಪುಟ್ಟ ಸೂತ್ರವಾಗಿ ಕೊಟ್ಟದ್ದರಿಂದ ಅದು ಎಲ್ಲರ ಬಾಯಲ್ಲಿ ನಿಂತಿತು. ವಿರ್ಖೊ ಸಾಮಾನ್ಯನಲ್ಲ. ರೋಗವೆಂದರೆ ದೇಹದ ಕೋಶಗಳಲ್ಲಿ ಆಗುವ ವ್ಯತ್ಯಾಸ ಎಂದು ತೋರಿಸಿ ವೈದ್ಯಶಾಸ್ತ್ರದ ದಿಕ್ಕನ್ನೇ ಬದಲಿಸಿದವನು. ಆದರೆ ಸೂತ್ರದ ಹಿಂದಿನ ದುಡಿಮೆ ರೆಮಾಕನದೆಂದು ಅವನು ಹೇಳಲಿಲ್ಲ. ಕೀರ್ತಿ ವಿರ್ಖೊನಿಗೆ ಹೋಯಿತು. ರೆಮಾಕನಿಗೆ 1859ರಲ್ಲಿ ಕಿರಿಯ ದರ್ಜೆಯ ಪ್ರಾಧ್ಯಾಪಕ ಪದವಿ ಸಿಕ್ಕಿತು. 1865ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಇಂದಿಗೂ ಅನೇಕ ಪಠ್ಯಪುಸ್ತಕಗಳಲ್ಲಿ ವಿರ್ಖೊನ ಹೆಸರಿದೆ, ರೆಮಾಕನ ಹೆಸರಿಲ್ಲ. ಕಡತವನ್ನೆಲ್ಲ ತಯಾರಿಸಿದವನು ಒಬ್ಬ, ರುಜು ಹಾಕಿ ಹೆಸರು ಪಡೆದವನು ಇನ್ನೊಬ್ಬ ಎಂಬುದು ಕಚೇರಿಗಳಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಅಪರಿಚಿತ ಸಂಗತಿಯೇನಲ್ಲ.

ಬಣ್ಣ ಬಂದಿತು

ಕೋಶ ಎರಡಾಗುತ್ತದೆ ಎಂಬುದು ಇತ್ಯರ್ಥವಾಯಿತು. ಆದರೆ ಒಳಗೆ ಏನು ನಡೆಯುತ್ತದೆ? ಕೋಶದ ಒಳಭಾಗ ನೀರಿನಂತೆ ಪಾರದರ್ಶಕ. ಗಾಜಿನ ಲೋಟದಲ್ಲಿ ಗಾಜಿನ ಎಳೆಗಳನ್ನು ಹಾಕಿಟ್ಟರೆ ಕಾಣುವುದು ಹೇಗೆ? ಇದಕ್ಕೆ ಪರಿಹಾರ ಬಂದದ್ದು ಜವಳಿ ವ್ಯಾಪಾರದ ಕಡೆಯಿಂದ. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿ ಮಲೇರಿಯಾಕ್ಕೆ ಮದ್ದಾದ ಕ್ವಿನೈನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಲು ಹೊರಟು, ಕ್ವಿನೈನ್ ಸಿಗದೆ, ನೇರಿಳೆ ಬಣ್ಣವೊಂದನ್ನು ಪಡೆದ. ಬಟ್ಟೆಗೆ ಬಲವಾಗಿ ಹಿಡಿಯುವ ಬಣ್ಣ. ಅಲ್ಲಿಂದ ಕೃತಕ ಬಣ್ಣಗಳ ಉದ್ಯಮ ಬೆಳೆಯಿತು. ಜರ್ಮನಿ ಅದರಲ್ಲಿ ಮುಂದಾಯಿತು. ಬಟ್ಟೆಗೆ ಹಿಡಿಯುವ ಬಣ್ಣ ಕೋಶದೊಳಗಿನ ಎಲ್ಲ ಭಾಗಗಳಿಗೂ ಒಂದೇ ರೀತಿ ಹಿಡಿಯುವುದಿಲ್ಲ ಎಂಬುದನ್ನು ಸೂಕ್ಷ್ಮದರ್ಶಕದವರು ಗಮನಿಸಿದರು. ಈ ಭೇದವೇ ಅವರಿಗೆ ಕಣ್ಣಾಯಿತು.

ಆ ಕಣ್ಣಿನಿಂದ ಎಲ್ಲರಿಗಿಂತ ಚೆನ್ನಾಗಿ ನೋಡಿದವನು ವಾಲ್ಟರ್ ಫ್ಲೆಮ್ಮಿಂಗ್. ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ ಬೇರೆ, ಈತ ಬೇರೆ. 1876ರಿಂದ ಜರ್ಮನಿಯ ಕೀಲ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಈತ ಸ್ಯಾಲಮ್ಯಾಂಡರ್ ಎಂಬ, ನೋಡಲು ಹಲ್ಲಿಯಂತಿದ್ದು ಕುಲದಲ್ಲಿ ಕಪ್ಪೆಗೆ ಹತ್ತಿರವಾದ ಪ್ರಾಣಿಯ ಮರಿಗಳನ್ನು ಆರಿಸಿಕೊಂಡ. ಅದರ ಕೋಶಗಳು ದೊಡ್ಡವು, ಒಳಗಿನ ಎಳೆಗಳೂ ದಪ್ಪ. ಬಣ್ಣ ಹಾಕಿದಾಗ ಕೋಶಕೇಂದ್ರದೊಳಗಿನ ಒಂದು ವಸ್ತು ಗಾಢವಾಗಿ ಬಣ್ಣ ಹೀರಿತು. ಬಣ್ಣ ಹಿಡಿಯುವುದರಿಂದ ಅದಕ್ಕೆ ‘ಕ್ರೊಮ್ಯಾಟಿನ್’ ಎಂದು ಹೆಸರಿಟ್ಟ. ಕೋಶ ಎರಡಾಗುವ ಮುನ್ನ ಈ ವಸ್ತು ಎಳೆಗಳಾಗಿ ಕಾಣಿಸಿಕೊಳ್ಳುವುದರಿಂದ, ಎಳೆ ಎಂಬ ಅರ್ಥದ ಗ್ರೀಕ್ ಪದದಿಂದ, ಇಡೀ ಕ್ರಿಯೆಯನ್ನು ‘ಮೈಟೋಸಿಸ್’ ಎಂದು ಕರೆದ. 1882ರಲ್ಲಿ ಹೊರಬಂದ ಅವನ ಗ್ರಂಥದಲ್ಲಿ ಕೈಯಿಂದ ಬರೆದ ಚಿತ್ರಗಳನ್ನು ಇಂದಿನ ಛಾಯಾಚಿತ್ರಗಳ ಪಕ್ಕದಲ್ಲಿಟ್ಟರೂ ತಪ್ಪು ಹುಡುಕುವುದು ಕಷ್ಟ.

ಫ್ಲೆಮ್ಮಿಂಗ್ ಕಂಡದ್ದನ್ನೂ, ಗಿಡಗಳಲ್ಲಿ ಇದೇ ಕೆಲಸ ಮಾಡಿದ ಸ್ಟ್ರಾಸ್‌ಬರ್ಗರ್ ಕಂಡದ್ದನ್ನೂ ಸೇರಿಸಿ ನಾಲ್ಕು ಹಂತಗಳಾಗಿ ಹೇಳಬಹುದು. ಮೊದಲನೆಯದು ಪ್ರೊಫೇಸ್. ಸಿಕ್ಕುಗಟ್ಟಿದ ನೂಲಿನಂತಿದ್ದ ವಸ್ತು ಗಿಡ್ಡವೂ ದಪ್ಪವೂ ಆದ ಬಿಡಿ ಎಳೆಗಳಾಗುತ್ತದೆ. ಪ್ರತಿಯೊಂದು ಎಳೆಯೂ ಉದ್ದಕ್ಕೆ ಸೀಳಿದ ಜೋಡಿ ಎಂಬುದು ಕಾಣುತ್ತದೆ. ಕೋಶಕೇಂದ್ರದ ಪೊರೆ ಕರಗುತ್ತದೆ. ಎರಡನೆಯದು ಮೆಟಾಫೇಸ್. ಕೋಶದ ಎರಡು ತುದಿಗಳ ನಡುವೆ ನೂಲುವ ಕದಿರಿನ ಆಕಾರದಲ್ಲಿ ನವಿರಾದ ನಾರುಗಳು ಹರಡಿಕೊಳ್ಳುತ್ತವೆ. ಜೋಡಿ ಎಳೆಗಳೆಲ್ಲ ನಡುಮಧ್ಯದಲ್ಲಿ ಪಂಕ್ತಿಗೆ ಕುಳಿತಂತೆ ಸಾಲಾಗುತ್ತವೆ. ಮೂರನೆಯದು ಅನಾಫೇಸ್. ಜೋಡಿಗಳು ಬಿಟ್ಟುಕೊಂಡು, ಒಂದೊಂದು ಜೋಡಿಯ ಒಂದು ಎಳೆ ಒಂದು ತುದಿಗೆ, ಇನ್ನೊಂದು ಮತ್ತೊಂದು ತುದಿಗೆ ಎಳೆಯಲ್ಪಡುತ್ತದೆ. ಕೊನೆಯದು ಟೆಲೊಫೇಸ್. ಎರಡು ಗುಂಪುಗಳ ಸುತ್ತಲೂ ಹೊಸ ಪೊರೆ ಕಟ್ಟಿ, ಎಳೆಗಳು ಮತ್ತೆ ಸಡಿಲವಾಗಿ, ಕೋಶದ ನಡು ಕಟ್ಟಿಹೋಗಿ ಎರಡು ಕೋಶಗಳಾಗುತ್ತವೆ. ಗಿಡಗಳಲ್ಲಿ ನಡು ಕಟ್ಟುವುದಿಲ್ಲ, ಮಧ್ಯದಲ್ಲಿ ಗೋಡೆ ಏಳುತ್ತದೆ. ಮೊದಲ ಮೂರು ಹೆಸರುಗಳು ಸ್ಟ್ರಾಸ್‌ಬರ್ಗರ್ 1884ರಲ್ಲಿ ಕೊಟ್ಟವು. ನಾಲ್ಕನೆಯದು 1894ರಲ್ಲಿ ಹೈಡೆನ್‌ಹೈನ್ ಕೊಟ್ಟದ್ದು.

ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ಈರುಳ್ಳಿ ಬೇರಿನ ಪ್ರಯೋಗ ನೆನಪಿರಬಹುದು. ನೀರು ತುಂಬಿದ ಬಾಟಲಿಯ ಬಾಯಿಗೆ ಈರುಳ್ಳಿಯನ್ನು ಕೂರಿಸಿ, ಹೊರಟ ಬೇರಿನ ತುದಿಯನ್ನು ಕತ್ತರಿಸಿ, ಆಮ್ಲದಲ್ಲಿ ಮೆದುಮಾಡಿ, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ನೋಡುವುದು. ನೂರಾರು ಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಮಾತ್ರ ವಿಭಜನೆಯಲ್ಲಿರುತ್ತದೆ. ಇಡೀ ಗಾಜನ್ನು ಸರಿಸಿ ಸರಿಸಿ ಒಂದು ಒಳ್ಳೆಯ ಅನಾಫೇಸ್ ಸಿಕ್ಕಿದರೆ ಪಕ್ಕದವರನ್ನು ಕರೆದು ತೋರಿಸುವಷ್ಟು ಸಂತೋಷ. ಬಹುಪಾಲು ಕೋಶಗಳು ಏನೂ ಮಾಡದೆ ಕುಳಿತಂತೆ ಕಾಣುವುದೇಕೆ ಎಂಬ ಪ್ರಶ್ನೆಗೆ ಮುಂದೆ ಬರೋಣ.

ಎಳೆಗಳ ಎಣಿಕೆ

ಈ ಎಳೆಗಳಿಗೆ 1888ರಲ್ಲಿ ವಾಲ್ಡೇಯರ್ ‘ಕ್ರೋಮೋಸೋಮ್’ ಎಂದು ಹೆಸರಿಟ್ಟ. ಅದರ ಅರ್ಥ ಬಣ್ಣದ ಕಾಯ ಎಂದಷ್ಟೆ. ಕನ್ನಡದಲ್ಲಿ ನಾವು ‘ವರ್ಣತಂತು’ ಎನ್ನುತ್ತೇವೆ. ವಾಲ್ಡೇಯರನ ಬಣ್ಣವೂ ಫ್ಲೆಮ್ಮಿಂಗನ ಎಳೆಯೂ ನಮ್ಮ ಪದದಲ್ಲಿ ಒಟ್ಟಿಗೆ ಸೇರಿಕೊಂಡಿವೆ. ಇಷ್ಟು ಅಚ್ಚುಕಟ್ಟಾಗಿ ಸಮಪಾಲು ಮಾಡಿ ಹಂಚಬೇಕಾದರೆ ಈ ಎಳೆಗಳಲ್ಲಿ ಏನೋ ಬೆಲೆಯುಳ್ಳದ್ದು ಇರಬೇಕು ಎಂಬ ಊಹೆ ಸಹಜವಾಗಿ ಎದ್ದಿತು. 1883ರಲ್ಲಿ ಬೆಲ್ಜಿಯಂನ ಫಾನ್ ಬೆನೆಡೆನ್ ಕುದುರೆಯ ಕರುಳಿನ ಜಂತುಹುಳುವಿನಲ್ಲಿ ತಾಯಿಯ ಅಂಡ ಎರಡು ಎಳೆಗಳನ್ನೂ ತಂದೆಯ ವೀರ್ಯಾಣು ಎರಡು ಎಳೆಗಳನ್ನೂ ತರುತ್ತವೆ ಎಂದು ಕಂಡ. ಇಬ್ಬರಿಂದಲೂ ಸಮಪಾಲು. ಇದೆಲ್ಲ ನಡೆಯುವ ಮುನ್ನವೇ, 1866ರಲ್ಲಿ, ಮೆಂಡೆಲ್ ಬಟಾಣಿ ಗಿಡಗಳ ಲೆಕ್ಕವನ್ನು ಅಚ್ಚು ಹಾಕಿಸಿದ್ದ. ಫ್ಲೆಮ್ಮಿಂಗನಿಗೆ ಅದು ಗೊತ್ತಿರಲಿಲ್ಲ. 1884ರಲ್ಲಿ ತೀರಿಕೊಂಡ ಮೆಂಡೆಲನ ಕೆಲಸ 1900ರವರೆಗೆ ಮೂಲೆಯಲ್ಲಿಯೇ ಉಳಿಯಿತು. ಮತ್ತೆರಡು ಮೂರು ವರ್ಷಗಳಲ್ಲಿ ಜರ್ಮನಿಯ ಬೊವೇರಿ ಕಡಲಮುಳ್ಳಿಯ ಮೊಟ್ಟೆಗಳಿಂದಲೂ ಅಮೆರಿಕದ ಸಟ್ಟನ್ ಎಂಬ ವಿದ್ಯಾರ್ಥಿ ಮಿಡತೆಯಿಂದಲೂ, ಮೆಂಡೆಲ್ ಹೇಳಿದ ಆನುವಂಶಿಕ ಘಟಕಗಳು ಇರುವುದು ವರ್ಣತಂತುಗಳ ಮೇಲೆಯೇ ಎಂದು ತೋರಿಸಿದರು.

ಮನುಷ್ಯನಿಗೆ ಎಷ್ಟು ವರ್ಣತಂತುಗಳು? 1923ರಲ್ಲಿ ಅಮೆರಿಕದ ಪೇಂಟರ್ ಎಣಿಸಿ 48 ಎಂದ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಎಲ್ಲರೂ 48 ಎಂದೇ ಬರೆದರು. ತಮ್ಮ ಕಣ್ಣಿಗೆ ಬೇರೆ ಕಂಡಾಗಲೂ 48 ಮಾಡಿಕೊಂಡರು. 1952ರಲ್ಲಿ ಚೀನಾದಿಂದ ಅಮೆರಿಕಕ್ಕೆ ಹೋಗಿದ್ದ ಟಿ. ಸಿ. ಹ್ಸು ಅವರ ಪ್ರಯೋಗಶಾಲೆಯಲ್ಲಿ ದ್ರಾವಣ ಅಕಸ್ಮಾತ್ತಾಗಿ ತೆಳುವಾಯಿತು. ಕೋಶಗಳು ನೀರು ಕುಡಿದು ಉಬ್ಬಿ, ಎಳೆಗಳು ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಹರಡಿಕೊಂಡವು. ಅಷ್ಟು ಸ್ಪಷ್ಟವಾದ ನೋಟ ಸಿಕ್ಕಿಯೂ ಹ್ಸು ಬರೆದದ್ದು 48 ಎಂದೇ! ಈ ಉಪಾಯವನ್ನು ಬಳಸಿ 1955ರ ಡಿಸೆಂಬರ್ 22ರ ರಾತ್ರಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಜೋ ಹಿನ್ ತ್ಜಿಯೊ 46 ಎಂದು ಸರಿಯಾಗಿ ಎಣಿಸಿದರು. ತ್ಜಿಯೊ ಜಾವಾ ದ್ವೀಪದವರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದವರು. ಲೇವನ್ ಜೊತೆಯಲ್ಲಿ ಅವರು ಬರೆದ ಲೇಖನ 1956ರಲ್ಲಿ ಹೊರಬಂದಿತು. ಮೂರೇ ವರ್ಷಗಳಲ್ಲಿ, 1959ರಲ್ಲಿ, ಡೌನ್ ಲಕ್ಷಣವುಳ್ಳ ಮಕ್ಕಳಲ್ಲಿ ಒಂದು ವರ್ಣತಂತು ಹೆಚ್ಚಾಗಿ 47 ಇರುತ್ತದೆಂಬುದು ಪ್ಯಾರಿಸ್ಸಿನಲ್ಲಿ ತಿಳಿದುಬಂದಿತು. ತಾಯಿಯ ಶಾಪ, ಗ್ರಹಣದ ದೋಷ ಎಂದೆಲ್ಲ ಹೆತ್ತವರನ್ನು ಚುಚ್ಚುವವರಿಗೆ ಈ ಒಂದು ಎಣಿಕೆ ಸಾಕಾದ ಉತ್ತರ.

ವಿಶ್ರಾಂತಿ ಎಂಬುದು ವಿಶ್ರಾಂತಿಯಲ್ಲ

ಇನ್ನು ಈರುಳ್ಳಿ ಬೇರಿನ ಸುಮ್ಮನೆ ಕುಳಿತ ಕೋಶಗಳಿಗೆ ಬರೋಣ. ಎರಡು ವಿಭಜನೆಗಳ ನಡುವಿನ ಕಾಲವನ್ನು ವಿಜ್ಞಾನಿಗಳು ಬಹುಕಾಲ ವಿಶ್ರಾಂತಿ ಎಂದೇ ಕರೆದರು. 1950ರ ಸುಮಾರಿಗೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಆಲ್ಮಾ ಹೊವರ್ಡ್ ಎಂಬ ಮಹಿಳೆಯೂ ಸ್ಟೀಫನ್ ಪೆಲ್ಕ್ ಎಂಬ ಭೌತವಿಜ್ಞಾನಿಯೂ ಸೇರಿ ಇದನ್ನು ಪರೀಕ್ಷಿಸಿದರು. ಅವರೆಕಾಯಿಯ ಬಳಗದ ಒಂದು ಕಾಳಿನ ಗಿಡದ ಬೇರುಗಳಿಗೆ ವಿಕಿರಣ ಸೂಸುವ ರಂಜಕವನ್ನು ಉಣಿಸಿ, ಬೇರಿನ ತುದಿಯನ್ನು ಛಾಯಾಚಿತ್ರದ ಫಿಲ್ಮಿಗೆ ಒತ್ತಿಟ್ಟರು. ಹೊಸದಾಗಿ ಡಿ.ಎನ್.ಎ. ತಯಾರಿಸುತ್ತಿದ್ದ ಕೋಶಗಳು ಮಾತ್ರ ಫಿಲ್ಮಿನ ಮೇಲೆ ಕಪ್ಪು ಚುಕ್ಕೆಗಳನ್ನು ಮೂಡಿಸಿದವು. ಆ ಕೋಶಗಳು ವಿಭಜನೆಯಲ್ಲಿ ಇರಲಿಲ್ಲ. ವಿಶ್ರಾಂತಿಯಲ್ಲಿವೆ ಎಂದು ನಾವು ತಿಳಿದವುಗಳೇ ದುಡಿಯುತ್ತಿದ್ದವು.

1953ರಲ್ಲಿ ಅವರು ಕೋಶಚಕ್ರವನ್ನು ನಾಲ್ಕು ಭಾಗ ಮಾಡಿದರು. ನಕಲು ತಯಾರಾಗುವ ಅವಧಿಗೆ ‘ಎಸ್’, ವಿಭಜನೆಗೂ ನಕಲಿಗೂ ನಡುವಿನ ಬಿಡುವಿಗೆ ‘ಜಿ-1’, ನಕಲಿಗೂ ಮುಂದಿನ ವಿಭಜನೆಗೂ ನಡುವಿನ ಬಿಡುವಿಗೆ ‘ಜಿ-2’, ವಿಭಜನೆಯೇ ‘ಎಂ’. ಡಿ.ಎನ್.ಎ.ಯ ಜೋಡಿ ಸುರುಳಿಯ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ ಪ್ರಕಟಿಸಿದ್ದೂ ಅದೇ ವರ್ಷ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯನ ಕೋಶ ಒಂದು ಸುತ್ತು ಮುಗಿಸಲು ಸುಮಾರು 24 ಗಂಟೆ ಹಿಡಿಯುತ್ತದೆ ಎಂದುಕೊಂಡರೆ ಜಿ-1ಕ್ಕೆ 11 ಗಂಟೆ, ಎಸ್‌ಗೆ 8 ಗಂಟೆ, ಜಿ-2ಕ್ಕೆ 4 ಗಂಟೆ. ಫ್ಲೆಮ್ಮಿಂಗ್ ಕಂಡ ಆಟವೆಲ್ಲ ಮುಗಿಯುವುದು ಒಂದು ಗಂಟೆಯಲ್ಲಿ. ಮದುವೆಯ ಮುಹೂರ್ತ ಒಂದು ಗಳಿಗೆ, ಸಿದ್ಧತೆ ಮೂರು ತಿಂಗಳು ಎಂಬಂತೆ.

ಸರ್ಕಾರಿ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಜಿ-1 ಎಂದರೆ ಪ್ರಸ್ತಾವನೆಯ ಪರಿಶೀಲನೆ: ಸಾಮಗ್ರಿ ಇದೆಯೆ, ಆಹಾರ ಸಾಕೆ, ಹೊಸ ಕೋಶದ ಅಗತ್ಯವಿದೆಯೆ? ಅಗತ್ಯವಿಲ್ಲವೆಂದರೆ ಕೋಶ ಚಕ್ರದಿಂದ ಹೊರಗೆ ಹೋಗಿ ಸುಮ್ಮನೆ ತನ್ನ ಕೆಲಸ ಮಾಡಿಕೊಂಡಿರುತ್ತದೆ. ಮಿದುಳಿನ ನರಕೋಶಗಳು ಬಹುಮಟ್ಟಿಗೆ ಶಾಶ್ವತವಾಗಿ ಹಾಗಿರುತ್ತವೆ. ಯಕೃತ್ತಿನ ಕೋಶಗಳು ಅಗತ್ಯ ಬಿದ್ದಾಗ ಮತ್ತೆ ಚಕ್ರಕ್ಕೆ ಮರಳುತ್ತವೆ. ಎಸ್ ಎಂದರೆ ನಕಲು ತೆಗೆಯುವುದು. ಒಂದು ಕೋಶದಲ್ಲಿರುವ ಸುಮಾರು ಎರಡು ಮೀಟರ್ ಉದ್ದದ ಡಿ.ಎನ್.ಎ.ಯಲ್ಲಿ 600 ಕೋಟಿಗೂ ಮಿಕ್ಕ ಅಕ್ಷರಜೋಡಿಗಳ ನಕಲು. ಜಿ-2 ಎಂದರೆ ಮೂಲ ಪ್ರತಿಯೊಂದಿಗೆ ತಾಳೆ ನೋಡಿ ತಪ್ಪು ತಿದ್ದುವುದು. ತಪ್ಪು ತಿದ್ದುವವರೆಗೆ ಕಡತ ಮುಂದೆ ಹೋಗಕೂಡದು.

ಈ ‘ಹೋಗಬಹುದು, ಹೋಗಕೂಡದು’ ಎಂಬ ಆಜ್ಞೆ ಕೊಡುವವರು ಯಾರು? ಇದಕ್ಕೆ ಮೊದಲ ಸುಳಿವು ಸಿಕ್ಕಿದ್ದರಲ್ಲಿ ಆಂಧ್ರ ಮೂಲದ ವಿಜ್ಞಾನಿ ಪೋತು ನರಸಿಂಹ ರಾವ್ ಅವರ ಪಾಲು ದೊಡ್ಡದು. ಅಮೆರಿಕದ ಡೆನ್ವರ್ ನಗರದಲ್ಲಿ ರಾವ್ ಅವರೂ ರಾಬರ್ಟ್ ಜಾನ್ಸನ್ ಅವರೂ ಬೇರೆ ಬೇರೆ ಹಂತದಲ್ಲಿದ್ದ ಎರಡು ಕೋಶಗಳನ್ನು ಬೆಸೆದು ಒಂದು ಮಾಡಿ ನೋಡಿದರು. ಎಸ್ ಹಂತದ ಕೋಶವನ್ನು ಜಿ-1ರ ಕೋಶದೊಂದಿಗೆ ಬೆಸೆದರೆ ಜಿ-1ರ ಕೋಶಕೇಂದ್ರ ಅವಧಿಗೆ ಮುನ್ನವೇ ನಕಲು ಆರಂಭಿಸಿತು. ಜಿ-2ರದರೊಂದಿಗೆ ಬೆಸೆದರೆ ಅದು ಎರಡನೆಯ ಬಾರಿ ನಕಲು ಮಾಡಲಿಲ್ಲ. ವಿಭಜನೆಯಲ್ಲಿದ್ದ ಕೋಶವನ್ನು ಯಾವುದರೊಂದಿಗೆ ಬೆಸೆದರೂ ಆ ಇನ್ನೊಂದರ ವರ್ಣತಂತುಗಳು ಸಿದ್ಧವಿರಲಿ ಬಿಡಲಿ ಮುದುಡಿ ಎಳೆಗಳಾದವು. 1970ರಲ್ಲಿ ಪ್ರಕಟವಾದ ಈ ಪ್ರಯೋಗಗಳಿಂದ, ಆಜ್ಞೆ ಹೊತ್ತು ತಿರುಗುವ ರಾಸಾಯನಿಕಗಳು ಕೋಶದ ರಸದಲ್ಲಿವೆ ಎಂಬುದು ಖಚಿತವಾಯಿತು. ಮರುವರ್ಷ ಯೋಶಿಯೊ ಮಸುಯಿ ಅವರು ಕಪ್ಪೆಯ ಮೊಟ್ಟೆಯಲ್ಲಿ ಅಂತಹ ಒಂದು ಅಂಶವಿರುವುದನ್ನು ತೋರಿಸಿದರು.

ಆ ರಾಸಾಯನಿಕಗಳನ್ನು ಹೆಸರಿಟ್ಟು ಹಿಡಿದವರು ಮೂವರು. ಅಮೆರಿಕದ ಲೀಲೆಂಡ್ ಹಾರ್ಟ್‌ವೆಲ್ ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ, ಚಕ್ರದ ಬೇರೆ ಬೇರೆ ಹಂತಗಳಲ್ಲಿ ನಿಂತುಹೋಗುವ ತಳಿಗಳನ್ನು ಆರಿಸಿ ನೂರಕ್ಕೂ ಹೆಚ್ಚು ಜೀನುಗಳನ್ನು ಗುರುತಿಸಿದರು. ಬ್ರಿಟನ್ನಿನ ಪಾಲ್ ನರ್ಸ್ ಇನ್ನೊಂದು ಜಾತಿಯ ಯೀಸ್ಟಿನಲ್ಲಿ ಮುಖ್ಯ ಜೀನೊಂದನ್ನು ಕಂಡು, 1987ರಲ್ಲಿ ಅದೇ ಕೆಲಸದ ಜೀನು ಮನುಷ್ಯನಲ್ಲೂ ಇದೆಯೆಂದು ತೋರಿಸಿದರು. ಟಿಮ್ ಹಂಟ್ 1982ರಲ್ಲಿ ಕಡಲಮುಳ್ಳಿಯ ಮೊಟ್ಟೆಗಳಲ್ಲಿ, ಪ್ರತಿ ವಿಭಜನೆಯ ಮುನ್ನ ಹೆಚ್ಚುತ್ತ ಹೋಗಿ ವಿಭಜನೆಯಾದೊಡನೆ ಮಾಯವಾಗುವ ಪ್ರೋಟೀನೊಂದನ್ನು ಕಂಡು ‘ಸೈಕ್ಲಿನ್’ ಎಂದು ಕರೆದರು. ಮೂವರಿಗೂ 2001ರಲ್ಲಿ ನೊಬೆಲ್ ಬಹುಮಾನ ಬಂದಿತು. ಯೀಸ್ಟಿನ ಆಜ್ಞಾಪತ್ರ ಮನುಷ್ಯನ ಕೋಶದಲ್ಲೂ ನಡೆಯುತ್ತದೆ ಎಂದರೆ, ಈ ಆಡಳಿತ ನೂರು ಕೋಟಿ ವರ್ಷಗಳಿಂದಲೂ ಬದಲಾಗದೆ ಬಂದಿದೆ ಎಂದರ್ಥ.

ನಿಲ್ಲದ ಕೋಶ

ಮೇಲೆ ಹೇಳಿದ ಬೆಸುಗೆಯ ಪ್ರಯೋಗಗಳು ನಡೆದದ್ದು ‘ಹೀಲಾ’ ಎಂಬ ಕೋಶಗಳ ಮೇಲೆ. ಅವು ಒಬ್ಬ ತಾಯಿಯ ದೇಹದ ಕೋಶಗಳು. ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕರಿಯ ಜನಾಂಗದ ಆ ಹೆಣ್ಣುಮಗಳು ಅಮೆರಿಕದ ಬಾಲ್ಟಿಮೋರಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ 1951ರ ಅಕ್ಟೋಬರ್ 4ರಂದು ತೀರಿಕೊಂಡಾಗ ಆಕೆಗೆ 31 ವರ್ಷ, ಐವರು ಮಕ್ಕಳು. ಚಿಕಿತ್ಸೆಯ ಸಮಯದಲ್ಲಿ ಆಕೆಯ ಗಡ್ಡೆಯಿಂದ ಒಂದು ಚೂರನ್ನು ತೆಗೆದಿದ್ದರು. ಸಂಶೋಧನೆಗೆ ಬಳಸುತ್ತೇವೆಂದು ಕೇಳಿರಲಿಲ್ಲ. ಆ ಕೋಶಗಳು ದಿನಕ್ಕೊಮ್ಮೆ ಇಮ್ಮಡಿಸುತ್ತ ಇಂದಿಗೂ ಬೆಳೆಯುತ್ತಿವೆ. ಪೋಲಿಯೋ ಲಸಿಕೆಯ ಪರೀಕ್ಷೆಯಿಂದ ಹಿಡಿದು ಎಷ್ಟೋ ಸಂಶೋಧನೆಗಳಿಗೆ ಅವು ಆಧಾರವಾದವು. ಮನೆಯವರಿಗೆ ಈ ವಿಷಯ ತಿಳಿದದ್ದು 1970ರ ದಶಕದಲ್ಲಿ. ಆ ಕೋಶಗಳಿಂದ ಲಾಭ ಪಡೆದ ಕಂಪನಿಯೊಂದು ಕುಟುಂಬದೊಂದಿಗೆ ರಾಜಿಗೆ ಬಂದದ್ದು 2023ರಲ್ಲಿ.

ಸಾಮಾನ್ಯ ಕೋಶ ಹೀಗೆ ಬೆಳೆಯುವುದಿಲ್ಲ. ಅದು ಸುಮಾರು 50 ಬಾರಿ ಇಮ್ಮಡಿಸಿ ನಿಂತುಬಿಡುತ್ತದೆ ಎಂದು ಅಮೆರಿಕದ ಹೇಫ್ಲಿಕ್ 1961ರಲ್ಲಿ ತೋರಿಸಿದರು. ವರ್ಣತಂತುವಿನ ತುದಿ ಪ್ರತಿ ನಕಲಿನಲ್ಲೂ ಸ್ವಲ್ಪ ಸ್ವಲ್ಪವೇ ಸವೆಯುವುದು ಇದರ ಮುಖ್ಯ ಕಾರಣ. ಸವೆತವನ್ನು ತುಂಬಿಕೊಡುವ ಕಿಣ್ವವೊಂದಿದ್ದು, ಬಹುಪಾಲು ಕ್ಯಾನ್ಸರ್ ಕೋಶಗಳು ಅದನ್ನು ಮತ್ತೆ ಚಾಲನೆಗೆ ತಂದುಕೊಳ್ಳುತ್ತವೆ. ಈ ಶೋಧಗಳಿಗಾಗಿ ಬ್ಲ್ಯಾಕ್‌ಬರ್ನ್, ಗ್ರೈಡರ್, ಶೋಸ್ಟಾಕ್ ಅವರಿಗೆ 2009ರಲ್ಲಿ ನೊಬೆಲ್ ಬಂದಿತು. ಕ್ಯಾನ್ಸರ್ ಎಂದರೆ ಹೊರಗಿನಿಂದ ಬಂದ ವೈರಿಯಲ್ಲ. ‘ಹೋಗಕೂಡದು’ ಎಂಬ ಆಜ್ಞೆಯನ್ನು ಕೇಳದೆ ನಡೆಯುವ ನಮ್ಮದೇ ಕೋಶ. ವರ್ಣತಂತುಗಳ ಹಂಚಿಕೆ ತಪ್ಪುವುದರಿಂದ ಗಡ್ಡೆಗಳು ಹುಟ್ಟಬಹುದೆಂದು ಬೊವೇರಿ 1914ರಷ್ಟು ಹಿಂದೆಯೇ ಬರೆದಿದ್ದ.

ಅಂಗಳದ ಹೂವು

ಮುಂಬಯಿಯಲ್ಲಿರುವ ನಮ್ಮವರ ಮನೆಗಳಿಗೆ ಪರೇಲದ ಟಾಟಾ ಆಸ್ಪತ್ರೆಗೆಂದು ಊರಿನಿಂದ ಬಂಧುಗಳು ಬರುವುದುಂಟು. ಅಡುಗೆಮನೆಯ ಪಕ್ಕದಲ್ಲಿ ಹಾಸಿಗೆ ಹಾಸಿ, ಬೆಳಿಗ್ಗೆ ಡಬ್ಬಿ ಕಟ್ಟಿಕೊಟ್ಟು, ಜೊತೆಗೊಬ್ಬರನ್ನು ಲೋಕಲ್ ಗಾಡಿಯಲ್ಲಿ ಕಳುಹಿಸುವ ಗೃಹಿಣಿಯರಿಗೆ ಈ ಕಥೆಯ ಕೊನೆಯ ಭಾಗ ಉಪಯೋಗಕ್ಕೆ ಬಂದೀತು. ಕನ್ನಡದಲ್ಲಿ ಕಾಶಿ ಕಣಗಿಲೆ, ನಿತ್ಯಪುಷ್ಪ ಎನ್ನುವ, ಮರಾಠಿಯಲ್ಲಿ ಸದಾಫುಲಿ, ಹಿಂದಿಯಲ್ಲಿ ಸದಾಬಹಾರ್, ತಮಿಳಿನಲ್ಲಿ ನಿತ್ಯಕಲ್ಯಾಣಿ ಎನ್ನುವ ಐದೆಸಳಿನ ಹೂವಿನ ಗಿಡ ಎಲ್ಲರಿಗೂ ಗೊತ್ತು. ನಾವು ಯಾವ ಊರಿಗೆ ವರ್ಗವಾಗಿ ಹೋದರೂ ಬಾಲ್ಕನಿಯ ಡಬ್ಬಿಯಲ್ಲಿ ಅದು ಹೂ ಬಿಡುತ್ತದೆ. ಅದೂ ವಲಸೆ ಬಂದದ್ದೇ; ಮೂಲ ಮಡಗಾಸ್ಕರ್ ದ್ವೀಪ. ಜಮೈಕಾದಲ್ಲಿ ಸಿಹಿಮೂತ್ರಕ್ಕೆ ಅದರ ಕಷಾಯ ಕುಡಿಯುತ್ತಾರೆಂದು ಕೇಳಿ ಕೆನಡಾದ ರಾಬರ್ಟ್ ನೋಬಲ್ ಪರೀಕ್ಷೆಗೆ ತೊಡಗಿದರು. ಇಲಿಗಳಿಗೆ ಚುಚ್ಚಿದಾಗ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಬಿಳಿ ಕಣಗಳು ಮಿತಿಮೀರಿ ಬೆಳೆಯುವ ರೋಗಕ್ಕೆ ಇದು ಮದ್ದಾಗಬಹುದೆಂದು ಹೊಳೆದು, ಚಾರ್ಲ್ಸ್ ಬಿಯರ್ ಜೊತೆಗೂಡಿ 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಸಾರವನ್ನು ಪ್ರಕಟಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅದು ಇಂದಿಗೂ ಮುಖ್ಯವಾದದ್ದು.

ಈ ಮದ್ದು ಮಾಡುವುದೇನು? ಫ್ಲೆಮ್ಮಿಂಗ್ ಚಿತ್ರ ಬರೆದ ಆ ಕದಿರಿನ ನಾರುಗಳು ಕಟ್ಟದಂತೆ ತಡೆಯುತ್ತದೆ. ಎಳೆಗಳು ಪಂಕ್ತಿಗೆ ಬಂದು ಕುಳಿತಿರುತ್ತವೆ, ಎಳೆದುಕೊಂಡು ಹೋಗುವವರಿಲ್ಲ. ಕೋಶ ಮೆಟಾಫೇಸಿನಲ್ಲೇ ನಿಂತು ಸಾಯುತ್ತದೆ. ಅಗ್ನಿಶಿಖೆಯ ಗೆಡ್ಡೆಯಲ್ಲಿರುವ ಕೊಲ್ಚಿಸಿನ್ ಎಂಬ ವಿಷದ ಕೆಲಸವೂ ಇದೇ ಬಗೆಯದು. ತ್ಜಿಯೊ ಮತ್ತು ಲೇವನ್ ಎಳೆಗಳನ್ನು ಎಣಿಸಲು ಅನುಕೂಲವಾಗಲೆಂದು ಕೋಶಗಳನ್ನು ನಿಲ್ಲಿಸಿದ್ದು ಇದರಿಂದಲೇ. ಆದರೆ ಕ್ಯಾನ್ಸರಿನ ಅನೇಕ ಔಷಧಗಳಿಗೆ ಇಮ್ಮಡಿಸುತ್ತಿರುವ ಕೋಶ ಯಾರದು ಎಂಬ ಭೇದ ಪೂರಾ ತಿಳಿಯದು. ಕೂದಲ ಬುಡ, ಬಾಯಿಯ ಒಳಪದರ, ಕರುಳಿನ ಒಳಪದರ, ಮೂಳೆಯ ಮಜ್ಜೆ, ಇವು ಆರೋಗ್ಯವಂತರಲ್ಲೂ ಬಿಡುವಿಲ್ಲದೆ ಇಮ್ಮಡಿಸುವ ಜಾಗಗಳು. ಮಜ್ಜೆಯೊಂದೇ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳನ್ನು ಕೊಡಬೇಕು. ಆದ್ದರಿಂದ ಔಷಧ ಹಾಕಿಸಿಕೊಂಡವರ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ರಕ್ತಕಣಗಳ ಎಣಿಕೆ ಇಳಿಯುವುದು. ಔಷಧ ಮುಗಿದ ಮೇಲೆ ಉಳಿದ ಕೋಶಗಳು ಮತ್ತೆ ಚಕ್ರಕ್ಕೆ ಮರಳುತ್ತವೆ, ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ಕನ್ನಡಿಯ ಮುಂದೆ ಅಳುವ ಹುಡುಗಿಗೆ ಇಷ್ಟನ್ನು ಬಿಡಿಸಿ ಹೇಳಿದರೆ ಅರ್ಧ ಧೈರ್ಯ ಬರುತ್ತದೆ. ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು: ಗಿಡದಲ್ಲಿ ಮದ್ದಿದೆಯೆಂದು ಎಲೆ ಕುದಿಸಿ ಕುಡಿಯಬಾರದು. ಎರಡು ಗಿಡಗಳೂ ವಿಷ. ಅಗ್ನಿಶಿಖೆಯಂತೂ ಪ್ರಾಣಕ್ಕೇ ಅಪಾಯ. ಅಳತೆ ಗೊತ್ತಿರುವುದು ವೈದ್ಯರಿಗೆ ಮಾತ್ರ.

ಬೆಳೆದ ಮನುಷ್ಯನ ದೇಹದಲ್ಲಿ 30 ಲಕ್ಷ ಕೋಟಿಗೂ ಹೆಚ್ಚು ಕೋಶಗಳಿವೆ. ರೆಮಾಕ್ ಹೇಳಿದ್ದು ನಿಜವಾದ್ದರಿಂದ, ಅವುಗಳಲ್ಲಿ ಒಂದೂ ಹೊಸದಾಗಿ ಹುಟ್ಟಿದ್ದಲ್ಲ; ಪ್ರತಿಯೊಂದೂ ಹಿಂದಿನದು ಎರಡಾಗಿ ಬಂದದ್ದು. ಅಜ್ಜಿಯಿಂದ ಅಮ್ಮ, ಅಮ್ಮನಿಂದ ನಾವು ಎಂದು ಹಿಂದೆ ಹಿಂದೆ ಹೋದರೆ ಆ ಸಾಲು ಎಲ್ಲಿಯೂ ಕಡಿದಿಲ್ಲ. ಅರ್ಜಿ ತಿರಸ್ಕೃತನಾದ ಒಬ್ಬ ವೈದ್ಯ ಕೋಳಿಮೊಟ್ಟೆಯನ್ನು ನೋಡುತ್ತ ಕುಳಿತು ಇದನ್ನು ಕಂಡ. ಮಕ್ಕಳಿಗೆ ಈ ಪಾಠ ಹೇಳಿಕೊಡುವಾಗ ಪುಸ್ತಕದಲ್ಲಿ ವಿರ್ಖೊನ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಅವನ ಹೆಸರನ್ನೂ ಬರೆಸಿದರೆ ಒಳ್ಳೆಯದು.